ಸಣ್ಣ ಮುಖದ ನೋಟುಗಳು

ಅನ್ಸೆಲ್ಮೋನ ಎರಡು ಸ್ವೆಟರಿನ ನಡುವೆ ಹದಿನೆಂಟು ಸಾವಿರ,
ನನ್ನ ಹೊಟ್ಟೆಯ ಮೇಲೆ, ಬಟ್ಟೆಪಟ್ಟಿಯೊಳಗೆ, ಹದಿಮೂರು.
ರೊಸಾರಿಯೋದ ಜುಲೈ. ಹೊಳೆ ಕಡೆಯಿಂದ ಕೊರೆವ ಗಾಳಿ.
ಬಸ್ಸಿನಲ್ಲಿ ಒಬ್ಬಾಕೆ ಎದ್ದು ಜಾಗ ಬಿಟ್ಟಳು.
ಎಷ್ಟು ತಿಂಗಳು, ಮಗಳೇ?
ಒಂಬತ್ತು ವರ್ಷ ಎನ್ನಲಿಕ್ಕಾಗುತ್ತದೆಯೇ,
ಆರು ಎಂದೆ. ಕೂತೆ.
ಅನ್ಸೆಲ್ಮೋ ಕಿಟಕಿಯಾಚೆ ನೋಡುತ್ತ
ನಗು ನುಂಗಿದ, ಹೆದರಿಕೆಯನ್ನೂ.

ಒಂಬತ್ತು ವರ್ಷ ಊರವರ ಬಾಯಿಗೆ ಹಲ್ಲು ಮಾಡಿದ್ದೇನೆ:
ಮೇಣ, ಪ್ಲಾಸ್ಟರು, ಗುಲಾಬಿ ಬಣ್ಣದ ವಸಡು.
ಕೂಲಿ ಕೈಗೆ ಬಿದ್ದ ಗಳಿಗೆಯೇ ಓಟ
ಬೀಗ ರಿಪೇರಿ ಅಂಗಡಿಯ ಹಿಂಬದಿಯ ಕೋಣೆಗೆ.
ಪೆಸೋ ಕೊಟ್ಟು ಡಾಲರು ತರಬೇಕು;
ನಾಳೆ ಎಂದರೆ ಜೇಬಿನಲ್ಲೇ ಕರಗುತ್ತದೆ.
ಐಸ್‌ಕ್ರೀಮಾದರೆ ನೆಕ್ಕಿಯಾದರೂ ನೆಕ್ಕಬಹುದಿತ್ತು.

ಅಂಗಡಿಯ ಡಬ್ಬಿಗಳಿಗೆ ಬೆಲೆಚೀಟಿಯ ಮೇಲೆ ಬೆಲೆಚೀಟಿ.
ಒಂದು ಸಲ ಬಟಾಣಿ ಡಬ್ಬಿಯ ಚೀಟಿಗಳನ್ನು
ಉಗುರಲ್ಲಿ ಕೆರೆದು ಕೆರೆದು
ಮಾರ್ಚಿಯ ತನಕ ಹಿಂದೆ ಹೋಗಿದ್ದೆ.
ಮಾರ್ಚಿಯಲ್ಲಿ ಎಲ್ಲ ಎಷ್ಟು ಅಗ್ಗ!
ಮಾರ್ಚಿಯಲ್ಲೂ ಅತ್ತಿದ್ದೆವು ನಾವು.

ಅಮ್ಮ ಬ್ಯಾಂಕೆಂದರೆ ಈಗಲೂ ಉಗುಳುತ್ತಾಳೆ.
ಅವರು ಕದ ಹಾಕಿಕೊಂಡ ಆ ಡಿಸೆಂಬರಿನಲ್ಲಿ
ಬೀದಿಗಿಳಿದು ಬಾಣಲೆ ಬಡಿದವಳು.
ತಳದಲ್ಲಿ ಆ ನೆಗ್ಗು ಇನ್ನೂ ಇದೆ:
ಮೊಟ್ಟೆ ಒಡೆದು ಹಾಕಿದರೆ
ಎಣ್ಣೆಯೆಲ್ಲ ಅಲ್ಲೇ ಹೋಗಿ ನಿಲ್ಲುತ್ತದೆ.
ಬಾಣಲೆ ಬಿಸಾಡು ಎಂದರೆ ಕೇಳುವುದಿಲ್ಲ.
ಅಕ್ಕಿ ಡಬ್ಬಿಯ ತಳದಿಂದ ಅವಳು ತೆಗೆದುಕೊಟ್ಟದ್ದು
ಹನ್ನೆರಡು ನೋಟು. ಹಳೆಯವು.
ನಮ್ಮ ಮುನ್ನೂರ ಹತ್ತರಲ್ಲಿ ಅವೂ ಸೇರಿವೆ.

ನೋಟರಿಯ ಮೇಜಿನ ಮೇಲೆ ಎಣಿಸುವ ಯಂತ್ರ
ಗುರ್ರೆಂದು ಎಲ್ಲವನ್ನೂ ಒಪ್ಪಿತು.
ಒಪ್ಪದವನು ಎವಾರಿಸ್ತೋ, ಮನೆಯ ಮಾಲೀಕ.
ಬೆರಳಿಗೆ ಎಂಜಲು ಹಚ್ಚಿ ಒಂದೊಂದೇ ತಿರುವಿ
ಅಮ್ಮನ ಹನ್ನೆರಡನ್ನೂ ಬದಿಗಿಟ್ಟ.
ಇವು ಸಣ್ಣ ಮುಖದವು.

ಅದೇ ಬೋಳು ನೆತ್ತಿ, ಅದೇ ಬಿಗಿದ ತುಟಿ,
ಅದೇ ನೂರು.
ಹಳೆ ಅಚ್ಚಿನಲ್ಲಿ ಆತನ ಮುಖ ತುಸು ಚಿಕ್ಕದು, ಅಷ್ಟೇ.
ನನ್ನದೇನೂ ತಕರಾರಿಲ್ಲ, ಎಂದ ಎವಾರಿಸ್ತೋ,
ಆದರೆ ನಾಲ್ಕು ಗಂಟೆಗೆ ಇದೇ ದುಡ್ಡಲ್ಲಿ
ನಾನೂ ಒಂದು ಕೋಣೆ ಕೊಳ್ಳಬೇಕು.
ವಿಚ್ಛೇದನ, ಗೊತ್ತಲ್ಲ. ಆ ಹೆಂಗಸು ಇವನ್ನು ಮುಟ್ಟುವುದಿಲ್ಲ.

ಗೋಡೆ ಗಡಿಯಾರ. ನೋಟರಿ ಕೆಮ್ಮಿದರು.
ಹೊಟ್ಟೆ ಬಟ್ಟೆ ಕಟ್ಟಿ ಕೂಡಿಸಿದ್ದರ ಅಂಚಿನಲ್ಲಿ
ಸಾವಿರದ ಇನ್ನೂರರ ಒಂದು ತೂತು.

ಕೊನೆಗೆ ಅವನೇ ಅಂದ:
ಹಾಗಾದರೆ ನೀರು ಕಾಯಿಸುವ ಗೀಸರು ನನಗೆ.
ಒಲೆಯೂ. ಪರದೆ ಸಲಾಕಿಗಳೂ.
ಬಾಗಿಲಿಗೆ ಬಂದವನು ಮತ್ತೆ ತಿರುಗಿ,
ಬಲ್ಬುಗಳೂ.
ನಾಚಿಕೊಂಡೇ ಅಂದ.
ಅವನ ಹೊಸ ಕೋಣೆಯಲ್ಲೂ ಯಾರೋ ಬಿಚ್ಚಿಕೊಂಡು ಹೋಗಿರಬೇಕು.

ಸಂಜೆ ಕದ ತೆರೆದಾಗ ಕತ್ತಲೆ.
ಕೈಯಾಡಿಸಿ ಗೋಡೆ ಹುಡುಕಿದೆ.
ಸ್ವಿಚ್ಚು ಸಿಕ್ಕಿತು, ಒತ್ತಿದೆ, ಟಕ್ ಎಂದಿತು.
ಆ ಟಕ್ ನಮ್ಮದು.
ಗೀಸರಿದ್ದ ಜಾಗದಲ್ಲಿ ಬೀದಿದೀಪಕ್ಕೆ
ಒಂದು ಚೌಕ ಬಿಳುಪು ಕಾಣುತ್ತಿತ್ತು.

ಬಲ್ಬು ತರಲು ಹೋದ ಅನ್ಸೆಲ್ಮೋ
ಬೈಯುತ್ತ ಮೆಟ್ಟಿಲೇರಿದ.
ಬೆಳಿಗ್ಗೆಗಿಂತ ಹೆಚ್ಚು ಬೆಲೆಯಂತೆ.
ಬೆಳಿಗ್ಗೆಯೇ ಒಯ್ಯಬೇಕಿತ್ತು ಎಂದನಂತೆ ಅಂಗಡಿಯವ.
ಬೆಳಿಗ್ಗೆ ನಮಗೆ ಮನೆ ಇರಲಿಲ್ಲ
ಎಂದನಂತೆ ಇವನು.

ನಾನು ಕತ್ತಲಲ್ಲೇ ಪಟ್ಟಿ ಬಿಚ್ಚಿದೆ.
ಬಿಗಿದ ಜಾಗ ಕೆಂಪಗೆ ಉರಿಯುತ್ತಿರಬೇಕು.
ಒಳಗೆ ಅಮ್ಮನ ಹನ್ನೆರಡು,
ಬೆಚ್ಚಗೆ, ಸಣ್ಣ ಸಣ್ಣ ಮುಖ ಮಾಡಿಕೊಂಡು.
ಎಲ್ಲಿಡಲಿ ಎಂದೆ.
ಇಡಲು ಒಂದು ಡಬ್ಬಿಯೂ ಇರಲಿಲ್ಲ ಮನೆಯಲ್ಲಿ.