ಇಪ್ಪತ್ತಕ್ಕೆ ಒಂದು

ಕಲ್ಲುಕುಟಿಗನೇ,
ನಿನ್ನ ಹೆಸರು ನಮ್ಮ ಯಾವ ಕಡತದಲ್ಲೂ ಇಲ್ಲ.
ಮೂರನೆಯ ಕಮಾನಿನ ಒಳಮೈಯಲ್ಲಿ, ನೀರು ಇಳಿದಾಗ ಮಾತ್ರ ಕಾಣುವಂತೆ,
ಮೀನಿನ ಮುಳ್ಳಿನಂಥ ಗುರುತೊಂದನ್ನು ಕೆತ್ತಿ ಹೋಗಿದ್ದೀಯ.
ರಬ್ಬರು ಬೂಟು ತೊಟ್ಟು, ತೈವಿ ಹೊಳೆಯ ತಣ್ಣೀರಲ್ಲಿ
ಮೊಣಕಾಲುದ್ದ ನಿಂತು
ಎರಡು ವರ್ಷ ಅದರ ಜೊತೆಗೇ ಜಗಳವಾಡಿದ್ದೇನೆ.

ನಿನ್ನದು ಐದು ಕಮಾನು, ಕುದುರೆಗಾಡಿಯೊಂದು ಹಾಯುವಷ್ಟು ಅಗಲ.
ಈಗ ಅದರ ಮೇಲೆ ಹಾಲಿನ ಟ್ಯಾಂಕರು, ಶಾಲೆಯ ಬಸ್ಸು,
ಕಿವಿ ಮಡಚಿದ ನಾಯಿಯ ಹಾಗೆ ಕನ್ನಡಿ ಮಡಚಿಕೊಂಡ ವ್ಯಾನುಗಳು.
ಸೈಕಲ್ಲಿನವರು ಉಸಿರು ಬಿಗಿಹಿಡಿದು ದಾಟುತ್ತಾರೆ.
ಗೆಥಿನ್ ದಾಟುವುದೇ ಇಲ್ಲ.

ಕುರಿಯ ಉಣ್ಣೆ ಕತ್ತರಿಸುತ್ತಿದ್ದ ತೋಳು ಅವನದು.
ಕಾಲು ಕೈಕೊಟ್ಟ ಮೇಲೆ ಕೈಯೇ ಕಾಲು.
ಮೂರು ಚಕ್ರದ ಬಂಡಿಯಲ್ಲಿ ಅರೆಮಲಗಿ
ಕೈಯಿಂದಲೇ ಪೆಡಲು ತುಳಿಯುತ್ತಾನೆ
(ತುಳಿಯುವುದು ಅನ್ನಬಹುದೋ ಇಲ್ಲವೋ; ಅವನು ಅನ್ನುತ್ತಾನೆ).
ಆಚೆ ದಡದಲ್ಲಿ ತಂಗಿಯ ಮನೆ, ಮುನ್ನೂರು ಮೀಟರು.
ಸುತ್ತುಬಳಸಿ ಹೋದರೆ ಹನ್ನೊಂದು ಮೈಲಿ.

ಪರಂಪರೆ ಇಲಾಖೆಯವರು ಅಡ್ಡಗೋಡೆಯ ಮೇಲೆ ದೀಪ ಇಟ್ಟರು:
ಹಳೆಗಲ್ಲಿಗೆ ಒಂದು ಮೊಳೆಯೂ ತಾಗಕೂಡದು,
ನೋಟಕ್ಕೂ ಅಡ್ಡ ಬರಕೂಡದು,
ಹಾಗಂತ ಬೇಡವೆಂದೇನೂ ಅಲ್ಲ.
ಎರಡನೆಯ ಕಮಾನಿನ ಬಿರುಕಲ್ಲಿ ಬಾವಲಿಗಳ ಬಾಣಂತನ,
ಆಗಸ್ಟ್ ಮುಗಿಯುವವರೆಗೆ ಸುತ್ತಿಗೆ ಎತ್ತುವಂತಿಲ್ಲ.
ಸರಿ ಎಂದೆ. ಬಾಣಂತಿಯರ ನಿದ್ದೆ ಕೆಡಿಸುವವಳು ನಾನಲ್ಲ.

ಹನ್ನೆರಡಕ್ಕೆ ಒಂದರ ಏರು ಗಿಡ್ಡ, ಅಗ್ಗ.
ಕೌನ್ಸಿಲಿನ ಲೆಕ್ಕಿಗ ಅದರ ಮೇಲೇ ಬೆರಳಿಟ್ಟ.
ನಾನೂ ತಲೆಯಾಡಿಸಿದೆ, ಸುಳ್ಳೇಕೆ.
ಗೆಥಿನ್ ಅಂದ: ಹೆಲೆದ್, ಒಮ್ಮೆ ನೀನೇ ಹತ್ತಿ ನೋಡು.

ಉಣ್ಣೆ ಗಿರಣಿಯ ಹಿಂದೆ ಅಂಥದೇ ಏರು.
ಇಪ್ಪತ್ತು ಸುತ್ತಿಗೆ ಭುಜ ಉರಿಯಿತು.
ಮೂವತ್ತಕ್ಕೆ ಚಕ್ರ ಹಿಂದಕ್ಕೆ ಜಾರಿತು.
ಬೆಂಚಿನ ಮೇಲಿದ್ದ ಅವನು ನಗಲಿಲ್ಲ,
ಅಷ್ಟು ಮರ್ಯಾದೆ.

ಭಾನುವಾರ ನಸುಕಿನಲ್ಲಿ, ಗಾಡಿಗಳಿಲ್ಲದ ಹೊತ್ತು,
ಅದೇ ಬಂಡಿಯಲ್ಲಿ ನಿನ್ನ ಸೇತುವೆಗೂ ಬಂದೆ.
ನೆಲದಿಂದ ಎರಡಡಿ ಎತ್ತರದ ಕಣ್ಣಿಗೆ
ನಿನ್ನ ಸೇತುವೆಯಲ್ಲಿ ಹೊಳೆಯೇ ಇಲ್ಲ!
ಗೋಡೆ. ಪಾಚಿ. ಮತ್ತೆ ಗೋಡೆ.
ನೀರು ಬರೀ ಸದ್ದು,
ನಮ್ಮನ್ನು ಕರೆಯದ ಪಕ್ಕದ ಮನೆಯ ಮದುವೆಯ ಹಾಗೆ.

ಬೈಯಲು ಬಾಯಿ ತೆರೆದೆ.
ಆಗ ಕಂಡಿತು, ಪ್ರತಿ ಕಂಬದ ನೆತ್ತಿಯಲ್ಲಿ
ಗೋಡೆಯನ್ನು ಹೊರಕ್ಕೆ ಮಡಿಸಿ ನೀನು ಬಿಟ್ಟ ಮೂಲೆ,
ಗಾಡಿ ಬಂದಾಗ ನಡೆಯುವವರು ಸರಿದು ನಿಲ್ಲಲು.
ಬೆಣ್ಣೆಯ ಬುಟ್ಟಿ ಹೊತ್ತವಳು, ಬಸುರಿ, ಊರುಗೋಲಿನ ಮುದುಕ.
ಮೈಯನ್ನಷ್ಟೇ ಅಲ್ಲ, ಬುಟ್ಟಿ ಸಮೇತ ಅಳೆದಿದ್ದೀಯ.
ಅಂದರೆ ನಿನಗೂ ಗೊತ್ತಿತ್ತು.

ಹಳೆಯ ನಕ್ಷೆ ಹರಿದೆ.
ಇಪ್ಪತ್ತಕ್ಕೆ ಒಂದು.
ದಾರಿ ಉದ್ದವಾಗಿ, ದಡದ ಹುಲ್ಲುಗಾವಲಲ್ಲಿ
ಎರಡು ಸಲ ಮಡಿಸಿಕೊಂಡು ಮಲಗಿತು.
ಲೆಕ್ಕಿಗ ಒಂದು ಚಳಿಗಾಲವಿಡೀ ಮಾತು ಬಿಟ್ಟ.
ಬಂಡಿ ಹಿಂದೆಮುಂದೆ ಆಡದೆ ಹೊರಳುವಷ್ಟು ತಿರುವು,
ಮೋಟರ್‌ಬೈಕು ತಡೆಯುವ ನೆಪದಲ್ಲಿ
ಗೆಥಿನ್‌ನನ್ನು ತಡೆಯುವ ಗೇಟುಗಳು ಒಂದೂ ಇಲ್ಲ.
ನಿನ್ನ ಒಂದೊಂದು ಮೂಲೆಯ ಎದುರೂ
ಉಸಿರಿಗೆಂದು ನನ್ನದೊಂದು ಸಮತಟ್ಟು.
ಕಟಕಟೆಗೆ ಬೆರಳುಗಾತ್ರದ ಸಲಾಕೆ.
ನಿನ್ನ ಕಲ್ಲಿಗೂ ನನ್ನ ಉಕ್ಕಿಗೂ ನಡುವೆ ಒಂದು ಮಾರು,
ಗೆಥಿನ್ ಎರಡೂ ತೋಳು ಚಾಚಿದಾಗ ಅಳೆದದ್ದು.

ಮಳೆಯಿಲ್ಲದ ಮೇ ತಿಂಗಳು. ರಿಬ್ಬನ್ನು ಕತ್ತರಿಸುವುದಕ್ಕೆ ಇನ್ನೂ ವಾರವಿತ್ತು.
ತಂಗಿಗೆಂದು ಮಡಿಲಲ್ಲಿ ಮೊಟ್ಟೆಯ ಡಬ್ಬಿ ಇಟ್ಟುಕೊಂಡು ಹೊರಟವನು
ಮೂರನೆಯ ಸಮತಟ್ಟಿನಲ್ಲಿ ನಿಂತ.
ದಣಿವೇ? ಅಲ್ಲವಂತೆ.
ಸಲಾಕೆಗಳ ನಡುವಿನಿಂದ ಕಮಾನಿನೊಳಗೆ ಬೆರಳು ತೋರಿ ಕೇಳಿದ:
ಅದೇನದು, ಮೀನಿನ ಮುಳ್ಳು?

ನಿಂತಿದ್ದ ನನಗೆ ಕಾಣಲಿಲ್ಲ.
ಕುಕ್ಕರಗಾಲಲ್ಲಿ ಕೂತೆ,
ಅವನ ಕಣ್ಣಿನ ಮಟ್ಟಕ್ಕೆ.