ಬಕೆಟ್ಟು

ವಾರ್ನಂಬೂಲ್, ಬೆಣ್ಣೆ ಕಾರ್ಖಾನೆ, ರಾತ್ರಿ ಪಾಳಿ.
ನಾನು, ಡೊರೀನ್, ತೊಳೆಯದ ಇಪ್ಪತ್ತು ಬಕೆಟ್ಟು.
ಸೂಪರ್‌ವೈಸರನ ಬೆನ್ನ ಹಿಂದೆ ಕೀತ್,
ಜೋಕು ಮುಗಿಯುವ ಮೊದಲೇ ನಗುತ್ತ ಹೋದ.

‘ಇಂಥವರಿಗೆ ನಿಮ್ಮ ಭಾಷೇಲಿ ಏನಂತಾರೆ?’
‘ಬಕೆಟ್ ಹಿಡಿಯೋದು’ ಅಂದೆ.
ಡೊರೀನ್ ನನ್ನ ಕೈ ನೋಡಿದಳು,
ಎರಡರಲ್ಲೂ ಬಕೆಟ್ಟು.
‘ಬೆಣ್ಣೆ ಹಚ್ಚೋದು ಅಂತಲೂ...’
ಮೊಣಕೈವರೆಗೂ ಬೆಣ್ಣೆ.
ನಕ್ಕು ನಕ್ಕು ಒದ್ದೆ ನೆಲದಲ್ಲೇ ಕೂತುಬಿಟ್ಟೆವು.

ನಾಲ್ಕಕ್ಕೆ ಅವನು ಮತ್ತೆ ಬಂದ.
ರಜೆ ಚೀಟಿ ಜೇಬಲ್ಲಿ
ಮೂರು ದಿನದಿಂದ ಮೆತ್ತಗಾಗುತ್ತಿತ್ತು,
ತಂಗಿಯ ಮಗು ಮೆಲ್ಬರ್ನಿನಲ್ಲಿ ಹುಟ್ಟಿ ವಾರವಾಗಿತ್ತು.

‘ಹೊಸ ಮೀಸೆ ನಿಮಗೆ ಎಷ್ಟು ಒಪ್ಪುತ್ತೆ ಸಾರ್!’
ಗಂಟಲು ನನ್ನದೇ.
ಆ ಮೀಸೆಗೆ ಇನ್ನೂ
ಮೀಸೆಯೆಂಬ ಧೈರ್ಯ ಬಂದಿರಲಿಲ್ಲ.

ಸಹಿ ಬಿತ್ತು.

ಡೊರೀನ್ ಏನೂ ಅನ್ನಲಿಲ್ಲ.
ಖಾಲಿ ಬಕೆಟ್ಟೊಂದನ್ನು
ಕಾಲಲ್ಲೇ ನನ್ನತ್ತ ತಳ್ಳಿದಳು.