ಉಕ್ಕಡದ ಕಲ್ಲಿಗೆ ಬೋರ್ಡು

ಇಲಾಖೆಯವರು ಕೊಟ್ಟ ಚೀಟಿಯಲ್ಲಿ ಹನ್ನೊಂದು ಸಾಲು.
ತಗಡಿನಲ್ಲಿ ಜಾಗ ಏಳಕ್ಕೆ.
ಜೆ.ಇ. ಪಳಂಗಪ್ಪನವರು ಜೀಪಿನಿಂದ ಇಳಿಯದೆಯೇ ಅಂದರು:
'ಇನಾಸ, ಮುಖ್ಯವಾದ್ದು ಇಟ್ಟುಕೋ, ಮಿಕ್ಕಿದ್ದು ಬಿಡು.'

ಮೂವತ್ತು ವರ್ಷದಿಂದ ಈ ರಸ್ತೆಗೆ ಅಕ್ಷರ ಬರೆಯುತ್ತಿದ್ದೇನೆ.
ಕುಶಾಲನಗರ ೧೭. ಸಿದ್ದಾಪುರ ೮.
ಮುಂದೆ ತಿರುವು. ಆನೆ ದಾಟುವ ಜಾಗ, ನಿಧಾನ.
ಮೈಲಿಗಲ್ಲಿನ ಮಾತಿಗೆ ಯಾರೂ ಜಗಳ ತೆಗೆಯುವುದಿಲ್ಲ.
ಚರಿತ್ರೆ ಇದೇ ಮೊದಲು.

ಕಲ್ಲು ಮಾತ್ರ ಮೊದಲೇ ಇತ್ತು,
ಡಾಮರಿಗಿಂತ, ಎಸ್ಟೇಟಿನ ಬೇಲಿಗಿಂತ ಮೊದಲು.
ಸೊಂಟದೆತ್ತರ. ಒಡಿಕತ್ತಿ ಹಿಡಿದವನೊಬ್ಬ, ಮುಖ ಸವೆದಿದೆ,
ಹೊಳೆಯ ಕಡೆಗೆ ವಾಲಿದ್ದಾನೆ, ಏನೋ ಕೇಳಿಸಿಕೊಳ್ಳುವ ಹಾಗೆ.
ಪಕ್ಕದಲ್ಲೇ ಕಡಂಗ. ಈಗ ಅದರೊಳಗೆ
ಕಾಫಿ ಸಿಪ್ಪೆ, ಬಿಯರ್ ಬಾಟ್ಲಿ, ಲಂಟಾನ,
ಒಂದು ಮುಂಗುಸಿ ಸಂಸಾರ.
ಮೇಲಿನಿಂದ ಇಣುಕಿದರೆ ಅಷ್ಟೇನೂ ಆಳವಿಲ್ಲ;
ಜಾರಿ ಇಳಿದ ಮೇಲೆ
ಆಕಾಶ ಒಂದು ಚಾಪೆಯಷ್ಟಾಗುತ್ತದೆ.

ಚೀಟಿ ಹೇಳುತ್ತದೆ:
ಆ ಕಾಲಕ್ಕೆ ಸೀಮೆ ಇಲ್ಲಿಗೆ ಮುಗಿಯುತ್ತಿತ್ತು.
ಆಚೆ ದಡದಲ್ಲಿ ಬೇರೆ ಅರಸನ ಬೆಂಕಿ,
ಈಚೆ ನಮ್ಮ ಬೆಂಕಿ.
ನಡುವೆ ಕಾವೇರಿ, ಎರಡೂ ಬೆಂಕಿಯ ನೆರಳು ಹೊತ್ತು,
ಯಾರ ಪರವೂ ಅಲ್ಲದೆ.
ಉಪ್ಪಿನ ಎತ್ತುಗಳು ಉಕ್ಕಡದಲ್ಲಿ ನಿಲ್ಲಬೇಕಿತ್ತು,
ಕಾವಲಿನವನು ಮೂಟೆಗೆ ಕೋಲು ಚುಚ್ಚಿ ನೋಡುತ್ತಿದ್ದ.
ಇದನ್ನು ನಾನು ನಂಬುತ್ತೇನೆ.
ಚೆಕ್‌ಪೋಸ್ಟಿನಲ್ಲಿ ಮರಳು ಲಾರಿಗೆ
ಈಗಲೂ ಹಾಗೇ ಚುಚ್ಚುತ್ತಾರೆ.

'ಶತ್ರುಗಳನ್ನು ತಡೆದು ವೀರಮರಣ', ಇದಕ್ಕೆ ಒಂದೂವರೆ ಸಾಲು.
'ಅರಸರು ಕಡಂಗ ತೋಡಿಸಿದರು', ಇದಕ್ಕೆ ಒಂದು.
ತೋಡಿಸಿದರು: ಐದಕ್ಷರ, ಒತ್ತಿಲ್ಲ,
ಕೈ ಸಲೀಸಾಗಿ ಓಡುತ್ತದೆ.

ಮಧ್ಯಾಹ್ನ ಲೈನ್‌ಮನೆಯ ಚೀರು ಬಂದಳು.
ಸೌದೆಹೊರೆ ಇಳಿಸಿ, ಎಲೆಗೆ ಸುಣ್ಣ ಸವರುತ್ತ,
'ಏನು ಬರೆದೆ, ಓದು' ಅಂದಳು. ಓದಿದೆ.
ಅವಳು ಕಡಂಗದ ಉದ್ದಕ್ಕೂ ಕಣ್ಣಾಡಿಸಿದಳು, ಗುತ್ತಿಗೆ ಕೆಲಸ ಅಳೆಯುವ ಹಾಗೆ.
'ಮಣ್ಣು ಎಲ್ಲಿ ಹಾಕಿದರಂತೆ?'

ಚೀಟಿ ತಿರುಗಿಸಿ ನೋಡಿದೆ. ಹಿಂದೆ ಖಾಲಿ.

'ಇಷ್ಟು ಮಣ್ಣು ಎಲ್ಲಾದರೂ ಹೋಗಬೇಕಲ್ಲ.
ಯಾರದೋ ತಲೆ ಮೇಲೆ.'
ಸೆರಗು ಸರಿಸಿ ನೆತ್ತಿ ತೋರಿಸಿದಳು,
ಕೂದಲು ಸವೆದ ಜಾಗ, ಬಿಲ್ಲೆಯಷ್ಟು, ನುಣ್ಣಗೆ.
ಆಮೇಲೆ ಹೊರೆ ಎತ್ತಲು ನನ್ನ ಕೈ ಕೇಳಿದಳು.
ನೀಲಿ ಬಣ್ಣ ಸೌದೆಗೂ ಹತ್ತಿತು.

ಸಂಜೆ ಸೀಮೆಎಣ್ಣೆಯ ಬಟ್ಟೆಯಲ್ಲಿ
ಅರಸರನ್ನು ಒರೆಸಿದೆ. ಜಾಗ ಸಾಲದು ಅಂತ ನೆವ.
'ಸಿ'ಯನ್ನೂ ಒರೆಸಿದೆ.
ಕಡಂಗ ತೋಡಿದರು.
ಯಾರು ಅಂತ ಇಲ್ಲ. ಸಾಲಿನ ಮುಂದೆ
ಮೂರು ಬೆರಳಗಲ ನೀಲಿ ಉಳಿಯಿತು.
ಪಳಂಗಪ್ಪನವರು ಬಿಲ್ಲಿಗೆ ಸಹಿ ಹಾಕುತ್ತ
'ಕಾಗುಣಿತ ಸರಿಯಿದೆಯಲ್ಲ?' ಅಂದರು.
'ಸರಿಯಿದೆ ಸಾರ್.'

ಕಕ್ಕಡದಲ್ಲಿ ಹೊಳೆ ಬಂತು.
ಮೊದಲು ಲೈನ್‌ಮನೆಗೆ, ಆಮೇಲೆ ಕಡಂಗಕ್ಕೆ, ಆಮೇಲೆ ಕಲ್ಲಿಗೆ.
ಬೋರ್ಡು ಎರಡು ತಿರುವು ಆಚೆ ಬಿದಿರುಮೆಳೆಯಲ್ಲಿ ಸಿಕ್ಕಿತು,
ಮಡಚಿದ ದೋಸೆಯ ಹಾಗೆ.
ಕತ್ತಿ ಹಿಡಿದವನು ಅಲ್ಲೇ ಇದ್ದ, ಕೆಸರಿನ ಗೆರೆ
ಅವನ ತಲೆಗಿಂತ ಗೇಣು ಮೇಲೆ, ಮರದ ಕಾಂಡದಲ್ಲಿ.

ರಸ್ತೆ ಅಲ್ಲಿ ಸ್ವಲ್ಪ ಏರುತ್ತದೆ.
ನನ್ನ ಸ್ಕೂಟರಿಗೆ ಸೆಕೆಂಡ್ ಗೇರು ಬೇಕು;
ಯಾಕೆ ಏರು ಅಂತ ಮೂವತ್ತು ವರ್ಷ ಕೇಳಿರಲಿಲ್ಲ.
ಆ ರಾತ್ರಿ ಚೀರು, ಅವಳ ಮೊಮ್ಮಕ್ಕಳು, ಹದಿನಾರು ಮನೆಯವರು,
ಎರಡು ಆಡು, ಒಂದು ಟಿವಿ
ಆ ಏರಿನ ಮೇಲೆಯೇ ಬೆಳಗಿನವರೆಗೂ ನಿಂತಿದ್ದರು.
ಸುತ್ತಲೂ ನೀರು.

ಇವತ್ತು ಮತ್ತೆ ಕರೆ ಬಂದಿದೆ. ಚೀಟಿ ಹಳೆಯದೇ.
ತಗಡು ಈ ಸಲ ಇನ್ನೂ ಸಣ್ಣದು.